ಟ್ರಾಮುಗಳ ಕೊಟ್ಟಿಗೆ: ಟೊರಾಂಟೊ ನಗರದಿಂದ ಒಂದು ಪಾಠ



ಪ್ರವಾಸಕ್ಕೆಂದು ನಿಮ್ಮನ್ನು ಹಂಪೆಗೆ ಕರೆದೊಯ್ದಾಗಲೆಲ್ಲ ಗಜಶಾಲೆಯ ಮುಂದೆ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: "ಸಾರ್, ಆನೆ ಕಟ್ಟುವುದಕ್ಕೆ ಇಷ್ಟು ದೊಡ್ಡ ಕಟ್ಟಡ ಯಾಕೆ?" ಹನ್ನೊಂದು ಗುಮ್ಮಟದ ಕೋಣೆಗಳ ಆ ಸಾಲನ್ನು ತೋರಿಸಿ ನಾನು ಹೇಳುತ್ತಿದ್ದ ಉತ್ತರ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೆರವಣಿಗೆಯ ದಿನ ಜನ ನೋಡುವುದು ಆನೆಯನ್ನು. ವರ್ಷದ ಉಳಿದ ದಿನಗಳಲ್ಲಿ ಆ ಆನೆಯನ್ನು ಉಳಿಸುವುದು ಲಾಯ, ಮೇವು ಮತ್ತು ಮಾವುತ. ಇತಿಹಾಸದ ಪುಸ್ತಕಗಳು ಮೆರವಣಿಗೆಯನ್ನು ವರ್ಣಿಸುತ್ತವೆ, ಲಾಯವನ್ನು ಮರೆಯುತ್ತವೆ.

ಈ ಮಾತು ನನಗೆ ಮತ್ತೆ ನೆನಪಾದದ್ದು ಹಂಪೆಯಿಂದ ಬಹುದೂರದಲ್ಲಿ, ಕೆನಡಾ ದೇಶದ ಟೊರಾಂಟೊ ನಗರದಲ್ಲಿ. 2018ರ ಬೇಸಗೆಯಲ್ಲಿ ಮಗಳ ಮನೆಯಲ್ಲಿ ಕೆಲವು ವಾರ ತಂಗಿದ್ದಾಗ, ಬೆಳಗಿನ ವಾಯುವಿಹಾರಕ್ಕೆಂದು ಹೊರಟವನು ಒಂದು ದಿನ ಲೆಸ್ಲಿ ಎಂಬ ಬೀದಿಗೆ ಬಂದೆ. ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಕೆಂಪು ಬಿಳಿ ಬಣ್ಣದ ಉದ್ದನೆಯ ಟ್ರಾಮುಗಳು, ಒಳಗೆ ಒಬ್ಬ ಪ್ರಯಾಣಿಕನೂ ಇಲ್ಲದೆ, ಒಂದರ ಹಿಂದೆ ಒಂದರಂತೆ ಊರಿನ ಕಡೆಗೆ ಹೊರಟಿದ್ದವು. ಮೇಯಲು ಹೊರಟ ದನಗಳ ಸಾಲಿನಂತೆ ಕಂಡಿತು. ಅಳಿಯಂದಿರನ್ನು ಕೇಳಿದಾಗ, "ಮಾವ, ಅವು ಲೆಸ್ಲಿ ಬಾರ್ನ್ಸ್‌ನಿಂದ ಬರುತ್ತವೆ" ಎಂದರು. ಬಾರ್ನ್ ಎಂದರೆ ಕೊಟ್ಟಿಗೆಯಲ್ಲವೇ! ನನ್ನ ಹೋಲಿಕೆ ತೀರ ಅಸಂಬದ್ಧವೇನೂ ಆಗಿರಲಿಲ್ಲ. ಮರಳಿ ಬಂದ ಮೇಲೆ ಆ ಕೊಟ್ಟಿಗೆಯ ಕತೆಯನ್ನು ಓದುತ್ತಾ ಹೋದೆ. ಅದನ್ನು ನಿಮ್ಮೊಡನೆ ಹಂಚಿಕೊಳ್ಳಬೇಕೆನಿಸಿತು.

ಟೊರಾಂಟೊದಲ್ಲಿ ಹಳಿಯ ಮೇಲಿನ ಬೀದಿಬಂಡಿ ಮೊದಲು ಓಡಿದ್ದು 1861ರಲ್ಲಿ, ಕುದುರೆಗಳ ಬಲದಿಂದ. ಚಳಿಗಾಲದಲ್ಲಿ ಹಿಮ ಬಿದ್ದಾಗ ಗಾಲಿಗಳ ಬದಲು ಜಾರುಬಂಡಿಗಳನ್ನು ಬಳಸುತ್ತಿದ್ದರಂತೆ. ಆ ಕಾಲದ ಟ್ರಾಮಿನ ಮನೆಯೆಂದರೆ ನಿಜವಾಗಿಯೂ ಕುದುರೆಯ ಲಾಯವೇ. 1892ರಲ್ಲಿ ವಿದ್ಯುತ್ ಬಂಡಿ ಬಂತು, 1894ರ ಹೊತ್ತಿಗೆ ಕುದುರೆಗಳು ನಿವೃತ್ತವಾದವು. ಕೊಟ್ಟಿಗೆ ಎಂಬ ಹೆಸರು ಮಾತ್ರ ಉಳಿಯಿತು.

1891ರಲ್ಲಿ ನಗರವು ಮೂವತ್ತು ವರ್ಷಗಳ ಕಾಲ ಟ್ರಾಮು ನಡೆಸುವ ಹಕ್ಕನ್ನು ಒಂದು ಖಾಸಗಿ ಕಂಪನಿಗೆ ಕೊಟ್ಟಿತು. ಊರು ಬೆಳೆದರೂ ಕಂಪನಿ ತನ್ನ ಹಳಿಗಳನ್ನು ಹಳೆಯ ಎಲ್ಲೆಯಿಂದಾಚೆಗೆ ಒಯ್ಯಲು ಒಪ್ಪಲಿಲ್ಲ. ಬೇಸತ್ತ ನಗರಾಡಳಿತವು ಹೊಸ ಬಡಾವಣೆಗಳಿಗೆ ತಾನೇ ಟ್ರಾಮು ಓಡಿಸಿತು. ಅದಕ್ಕಾಗಿ ಸೇಂಟ್ ಕ್ಲೇರ್ ಬೀದಿಯ ಬಳಿ 1913ರಲ್ಲಿ ಒಂದು ಕೊಟ್ಟಿಗೆಯನ್ನೂ ಕಟ್ಟಿಸಿತು. 1921ರಲ್ಲಿ ಕಂಪನಿಯ ಅವಧಿ ಮುಗಿದಾಗ ಎಲ್ಲವೂ ಸಾರ್ವಜನಿಕ ಸಂಸ್ಥೆಯಾದ ಟಿಟಿಸಿಯ ವಶಕ್ಕೆ ಬಂತು.

ಎರಡನೆಯ ಮಹಾಯುದ್ಧದ ನಂತರ ಜಗತ್ತಿನ ಅನೇಕ ನಗರಗಳು ಟ್ರಾಮುಗಳನ್ನು ಕಿತ್ತೊಗೆದವು. ನಮ್ಮಲ್ಲಿಯೂ ಮದರಾಸಿನ ಟ್ರಾಮು 1953ರಲ್ಲಿ, ಮುಂಬಯಿಯದು 1964ರಲ್ಲಿ ನಿಂತವು. ಟೊರಾಂಟೊ ಕೂಡ 1980ರೊಳಗೆ ಟ್ರಾಮುಗಳನ್ನೆಲ್ಲ ನಿಲ್ಲಿಸುವ ಯೋಜನೆಯನ್ನು 1966ರಲ್ಲಿ ಹಾಕಿಕೊಂಡಿತ್ತು. ಆದರೆ ಸಾಮಾನ್ಯ ನಾಗರಿಕರ ಒಂದು ಸಮಿತಿ ಅಂಕಿ ಅಂಶಗಳೊಡನೆ ವಾದಿಸಿ, 1972ರ ನವೆಂಬರ್ 7ರಂದು ಆ ನಿರ್ಧಾರವನ್ನು ಬದಲಾಯಿಸುವಂತೆ ಮಾಡಿತು. ಪ್ರಜೆಗಳು ಲೆಕ್ಕ ಹಾಕಲು ಕಲಿತರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆ ನಿರ್ಧಾರದ ಫಲವಾಗಿ 1979ರಿಂದ ಬಂದ 196 ಬಂಡಿಗಳೂ, 1980ರ ದಶಕದ ಕೊನೆಯಲ್ಲಿ ಬಂದ 52 ಜೋಡಿ ಬಂಡಿಗಳೂ ಮೂರು ದಶಕ ದುಡಿದು ಹಣ್ಣಾದವು. 2009ರಲ್ಲಿ 204 ಹೊಸ ಟ್ರಾಮುಗಳಿಗೆ ಬೊಂಬಾರ್ಡಿಯರ್ ಕಂಪನಿಗೆ ಬೇಡಿಕೆ ಸಲ್ಲಿಸಲಾಯಿತು. ನಮ್ಮ ಕತೆ ಆರಂಭವಾಗುವುದು ಇಲ್ಲಿ.

ಈಗ ಒಂದು ಸಣ್ಣ ಲೆಕ್ಕ. ಹಳೆಯ ಬಂಡಿಯ ಉದ್ದ ಸುಮಾರು 15 ಮೀಟರ್, ಜೋಡಿ ಬಂಡಿಯದು 23 ಮೀಟರ್, ಹೊಸದರದು 30 ಮೀಟರ್. ಹಳೆಯ 248 ಬಂಡಿಗಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 4.2 ಕಿಲೋಮೀಟರ್ ಹಳಿ ಸಾಕು. ಹೊಸ 204ಕ್ಕೆ 6.1 ಕಿಲೋಮೀಟರಿಗೂ ಹೆಚ್ಚು ಬೇಕು. ಬಂಡಿಗಳ ಸಂಖ್ಯೆ ಕಡಿಮೆಯಾಯಿತು, ನಿಲ್ಲುವ ಜಾಗ ಮಾತ್ರ ಸುಮಾರು ಒಂದೂವರೆಪಟ್ಟು ಬೇಕಾಯಿತು! ಕ್ವೀನ್ ಬೀದಿಯ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಇದ್ದ ರಸೆಲ್ ಮತ್ತು ರಾನ್ಸೆಸ್‌ವೇಲ್ಸ್ ಎಂಬ ಹಳೆಯ ಕೊಟ್ಟಿಗೆಗಳೆರಡೂ ಇದಕ್ಕೆ ಸಾಲವು.

ಜಾಗವೊಂದೇ ಸಮಸ್ಯೆಯಲ್ಲ. ಹೊಸ ಟ್ರಾಮಿನ ನೆಲ ರಸ್ತೆಗೆ ಹತ್ತಿರವಾಗಿರುತ್ತದೆ. ವೃದ್ಧರು, ಗಾಲಿಕುರ್ಚಿಯವರು, ಮಗುವಿನ ತಳ್ಳುಗಾಡಿಯ ತಾಯಂದಿರು ಮೆಟ್ಟಿಲ ತೊಡಕಿಲ್ಲದೆ ಏರಬಹುದು. ಆದರೆ ನೆಲ ತಗ್ಗಿದರೆ ಅದರ ಕೆಳಗಿದ್ದ ಯಂತ್ರ ಸಾಮಗ್ರಿಗಳು ಎಲ್ಲಿಗೆ ಹೋಗಬೇಕು? ಬಹುಪಾಲು ಚಾವಣಿಯ ಮೇಲಕ್ಕೆ ಹೋದವು. ಹಳೆಯ ಕೊಟ್ಟಿಗೆಗಳಲ್ಲಿ ದುರಸ್ತಿಯವನು ಹಳಿಯ ನಡುವಿನ ಗುಂಡಿಗಿಳಿದು ಬಂಡಿಯ ಹೊಟ್ಟೆಯನ್ನು ನೋಡುತ್ತಿದ್ದ. ಹೊಸದರಲ್ಲಿ ಆತ ಎತ್ತರದ ಅಟ್ಟಣೆಯ ಮೇಲೆ ನಿಂತು ಅದರ ತಲೆಯನ್ನು ನೋಡಬೇಕು. ಭಾರದ ಪೆಟ್ಟಿಗೆಗಳನ್ನು ಎತ್ತಲು ಮೇಲೆ ಕ್ರೇನ್ ಬೇಕು. ಪ್ರಯಾಣಿಕನಿಗೆ ಒಂದು ಮೆಟ್ಟಿಲು ಕಡಿಮೆಯಾದರೆ ಕೊಟ್ಟಿಗೆಗೆ ಒಂದು ಮಹಡಿ ಹೆಚ್ಚಾಗುತ್ತದೆ ಎನ್ನಬಹುದು.

ಹಾಗಾದರೆ ಟ್ರಾಮಿಗೆ ಮನೆ ಕಟ್ಟಲು ನಿವೇಶನ ಹುಡುಕುವುದು ಹೇಗೆ? ಮೊದಲನೆಯದಾಗಿ ಹಲವು ಎಕರೆಗಳ ಸಮತಟ್ಟಾದ ಒಂದೇ ತುಂಡು ಭೂಮಿ ಬೇಕು. ಎರಡನೆಯದಾಗಿ ಅದು ಓಡುವ ಹಳಿಗೆ ಹತ್ತಿರವಿರಬೇಕು. ದೂರವಾದರೆ ಪ್ರತಿ ಬಂಡಿಯೂ ದಿನಕ್ಕೆರಡು ಬಾರಿ ಖಾಲಿ ಓಡುತ್ತದೆ. ಚಾಲಕನ ವೇತನ, ವಿದ್ಯುತ್ತು, ಗಾಲಿಯ ಸವೆತ ಎಲ್ಲವೂ ದಿನದಿನವೂ, ಕೊಟ್ಟಿಗೆ ಇರುವವರೆಗೂ ವ್ಯರ್ಥ. ಮೂರನೆಯದಾಗಿ ಒಂದು ಕವಲು ಕೆಟ್ಟರೆ ಇಡೀ ಅಂಗಳ ಸಿಕ್ಕಿಬೀಳದಂತೆ ಹಳಿಗಳನ್ನು ಜೋಡಿಸಬೇಕು. ತೊಳೆಯಲು, ಸವೆದ ಗಾಲಿಯನ್ನು ಹದಗೊಳಿಸಲು, ಜಾರುವ ಹಳಿಯ ಮೇಲೆ ಹಿಡಿತಕ್ಕಾಗಿ ಉದುರಿಸುವ ಮರಳನ್ನು ತುಂಬಲು ಪ್ರತ್ಯೇಕ ಏರ್ಪಾಡುಗಳಿರಬೇಕು. ನಾಲ್ಕನೆಯದೇ ಅತಿ ಕಠಿಣವಾದದ್ದು: ಬಂಡಿಗಳು ನಡುರಾತ್ರಿ ಮರಳಿ ಬಂದು ನಸುಕಿಗೆ ಹೊರಡುತ್ತವೆ. ಆ ಸದ್ದನ್ನು ಯಾರಾದರೂ ಸಹಿಸಿಕೊಳ್ಳಬೇಕು.

ಹಲವು ಜಾಗಗಳನ್ನು ತೂಗಿ ನೋಡಿ ಕೊನೆಗೆ ಆರಿಸಿಕೊಂಡದ್ದು ಲೆಸ್ಲಿ ಬೀದಿಯೂ ಲೇಕ್ ಶೋರ್ ಹೆದ್ದಾರಿಯೂ ಕೂಡುವ ಮೂಲೆಯನ್ನು. ಪಕ್ಕದಲ್ಲೇ ನಗರದ ಕೊಳಚೆ ನೀರಿನ ಶುದ್ಧೀಕರಣ ಘಟಕವಿದೆ. ಕ್ವೀನ್ ಬೀದಿಯ ಹಳಿ ಸುಮಾರು ಒಂದು ಕಿಲೋಮೀಟರ್ ದೂರ. ನೋಡಿದರೆ ಎಲ್ಲವೂ ಅನುಕೂಲ. ಆದರೆ ಆ ನೆಲಕ್ಕೂ ಒಂದು ಇತಿಹಾಸವಿತ್ತು. ಅಲ್ಲಿದ್ದುದು ಮೊದಲು ಆಶ್‌ಬ್ರಿಜ್ ಕೊಲ್ಲಿಯ ವಿಶಾಲವಾದ ಜೌಗು. 1912ರ ಬಂದರು ಯೋಜನೆಯಂತೆ ಅದನ್ನು ತುಂಬಿ ಕೈಗಾರಿಕೆಗಳಿಗೆ ಭೂಮಿ ಮಾಡಿದರು. ಹಿಂದಿನವರು ಹೂತದ್ದು ಹಿಂದೆಯೇ ಉಳಿಯಲಿಲ್ಲ. ಕೊಟ್ಟಿಗೆಯ ಅಡಿಪಾಯಕ್ಕೆ ಅಗೆದಾಗ ಕಲುಷಿತ ಮಣ್ಣಾಗಿ ಮೇಲೆ ಬಂತು. ಅದನ್ನು ತೆಗೆದು ಸಾಗಿಸುವ ಖರ್ಚು ನೂರು ವರ್ಷಗಳ ನಂತರದ ತೆರಿಗೆದಾರನ ಪಾಲಾಯಿತು.

ನೆರೆಹೊರೆಯವರು ಸುಮ್ಮನಿರಲಿಲ್ಲ. ಕೊಳಚೆ ಘಟಕದ ಭಾರ ಹೊತ್ತವರ ಮೇಲೆಯೇ ಮತ್ತೊಂದು ಭಾರವೇ ಎಂದು ಕೇಳಿದರು. ಸಭೆಗಳು ನಡೆದವು, ಜಾಗ ಬದಲಿಸಿರೆಂಬ ಕೂಗೆದ್ದಿತು. ಜಾಗ ಬದಲಾಗಲಿಲ್ಲ, ಆದರೆ ಗಿಡಮರಗಳ ಮರೆ, ಚಾವಣಿಯ ಮೇಲೆ ಹಸುರು ಹೊದಿಕೆ ಮೊದಲಾದವು ಯೋಜನೆಯಲ್ಲಿ ಸೇರಿದವು. ನಿಜವಾದ ಸಂಕಟ ಬಂದದ್ದು ಲೆಸ್ಲಿ ಬೀದಿಯಲ್ಲಿ. ಹೊಸ ಹಳಿ ಹಾಕಲು ರಸ್ತೆ ಅಗೆದಾಗ ಅದರಡಿಯ ಹಳೆಯ ನೀರಿನ ಕೊಳವೆ, ಚರಂಡಿಗಳನ್ನೂ ಬದಲಿಸಬೇಕಾಯಿತು. ಕೆಲಸ ಎಳೆಯಿತು. ಅಂಗಡಿಯವರು ಗಿರಾಕಿಗಳಿಲ್ಲದೆ ಕಂಗಾಲಾದರು. ಊರಿಗೆಲ್ಲ ಒಳಿತಾಗುವ ಕೆಲಸದಲ್ಲಿ ಒಂದು ಬೀದಿಯವರೇ ನಷ್ಟ ಅನುಭವಿಸುವುದು ನ್ಯಾಯವೇ? ಈ ಪ್ರಶ್ನೆಗೆ ಯಾವ ನಕ್ಷೆಯಲ್ಲೂ ಉತ್ತರವಿರುವುದಿಲ್ಲ.

ನೂರು ಟ್ರಾಮುಗಳನ್ನು ಹಿಡಿಸುವ ಲೆಸ್ಲಿ ಬಾರ್ನ್ಸ್ 2015ರಲ್ಲಿ ಕಾರ್ಯಾರಂಭ ಮಾಡಿತು. ವೆಚ್ಚ ಮೊದಲ ಅಂದಾಜನ್ನು ಬಹಳ ಮೀರಿ ಸುಮಾರು 50 ಕೋಟಿ ಕೆನಡಾ ಡಾಲರ್ ಮುಟ್ಟಿತು. ವಿಪರ್ಯಾಸ ನೋಡಿ: ಹೊಸ ಟ್ರಾಮು ಮೊದಲು ರಸ್ತೆಗಿಳಿದದ್ದು 2014ರ ಆಗಸ್ಟ್ 31ರಂದು, ಕೊಟ್ಟಿಗೆ ಆಗ ಸಿದ್ಧವಿರಲಿಲ್ಲ. ಕೊಟ್ಟಿಗೆ ಸಿದ್ಧವಾದಾಗ ಟ್ರಾಮುಗಳು ಬರಲಿಲ್ಲ. ತಯಾರಿಕೆ ತಡವಾಗಿ ತಡವಾಗಿ 204ನೆಯದು ತಲುಪಿದ್ದು 2020ರ ಜನವರಿಯಲ್ಲಿ.

ಹಾಗೆಂದು ಇದನ್ನು ಸೋಲೆನ್ನಲಾರೆ. ಆ ಕೊಟ್ಟಿಗೆ ಇಲ್ಲದಿದ್ದರೆ ಮೆಟ್ಟಿಲಿಲ್ಲದ ಟ್ರಾಮುಗಳಿಗೆ ಆಸರೆಯೂ ಇರುತ್ತಿರಲಿಲ್ಲ, ಆರೈಕೆಯೂ ಇರುತ್ತಿರಲಿಲ್ಲ; 1972ರಲ್ಲಿ ನಾಗರಿಕರು ಉಳಿಸಿಕೊಂಡ ವ್ಯವಸ್ಥೆ ಜಾಗದ ಕೊರತೆಯಿಂದಲೇ ಸೊರಗುತ್ತಿತ್ತು. ಟ್ರಾಮುಗಳನ್ನು ಕೊಲ್ಲಲು ಹಳಿಗಳನ್ನೇ ಕೀಳಬೇಕೆಂದಿಲ್ಲ, ಕೊಟ್ಟಿಗೆಯನ್ನು ಕಸಿದರೂ ಸಾಕು. 2021ರಲ್ಲಿ ಟೊರಾಂಟೊ ಇನ್ನೂ 60 ಟ್ರಾಮುಗಳಿಗೆ ಬೇಡಿಕೆಯಿಟ್ಟಿತು. ಈ ಬಾರಿ ಬಂಡಿಗಳ ಜೊತೆಜೊತೆಗೇ ಅವುಗಳ ಮನೆಯನ್ನೂ ಯೋಚಿಸಿ, ಹಿಲ್‌ಕ್ರೆಸ್ಟ್ ಎಂಬ ಹಳೆಯ ಕಾರ್ಯಾಗಾರದ ಆವರಣದಲ್ಲಿ 25 ಬಂಡಿಗಳಿಗೆ ಸ್ಥಳ ಮಾಡಲು ನಿರ್ಧರಿಸಿದರು. ಪಾಠ ಕಲಿತರೆಂದೇ ನನ್ನ ಭಾವನೆ.

1913ರಲ್ಲಿ ಕಟ್ಟಿದ ಆ ಸೇಂಟ್ ಕ್ಲೇರ್ ಕೊಟ್ಟಿಗೆ ಏನಾಯಿತೆಂದು ಕೇಳುವಿರೇನೋ. 1978ರಲ್ಲಿ ಮುಚ್ಚಿ, ಬಹುಕಾಲ ಪಾಳು ಬಿದ್ದಿದ್ದ ಅದು 2008ರಲ್ಲಿ ವಿಚ್‌ವುಡ್ ಬಾರ್ನ್ಸ್ ಎಂಬ ಹೆಸರಿನಿಂದ ಕಲಾವಿದರ ನೆಲೆಯಾಗಿ ಮತ್ತೆ ತೆರೆಯಿತು. ಅಲ್ಲಿ ಶನಿವಾರದ ರೈತರ ಸಂತೆಯೂ ನೆರೆಯುತ್ತದೆ. ಮಗಳೊಡನೆ ಅಲ್ಲಿಗೆ ಹೋಗಿ ಸೊಪ್ಪು ಕೊಂಡಿದ್ದೆ. ಟ್ರಾಮು ನಿಲ್ಲುತ್ತಿದ್ದ ಜಾಗದಲ್ಲಿ ಮಕ್ಕಳು ಆಡುತ್ತಿದ್ದರು. ತಮ್ಮ ಬೀದಿಗೆ ಬೇಡವೆಂದು ಜನ ಹೆದರುವ ಕಟ್ಟಡವೇ ನೂರು ವರ್ಷಗಳ ಮೇಲೆ ಆ ಬೀದಿಯ ಹೆಮ್ಮೆಯಾಗಬಹುದು. ಆದರೆ ಈ ಸಮಾಧಾನವನ್ನು ಗಿರಾಕಿ ಕಳೆದುಕೊಂಡ ಲೆಸ್ಲಿ ಬೀದಿಯ ಅಂಗಡಿಯವರ ಮುಂದೆ ಹೇಳುವ ಧೈರ್ಯ ನನಗಿಲ್ಲ.

ನಿಮ್ಮಲ್ಲಿ ಅನೇಕರು ಇಂದು ಇಂಜಿನಿಯರುಗಳು, ಅಧಿಕಾರಿಗಳು. ರಸ್ತೆ, ಸೇತುವೆ, ಕಟ್ಟಡಗಳ ಕಡತಗಳು ನಿಮ್ಮ ಮೇಜಿನ ಮೇಲೆ ಬರುತ್ತವೆ. ಮುಂದೆ ಯಾವುದೇ ಹೊಸ ಯೋಜನೆಗೆ ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿರಿ: ಇದರ ಲಾಯ ಎಲ್ಲಿ? ಆ ಲಾಯದ ಪಕ್ಕದ ಮನೆಯವರು ಯಾರು? ನಿಮ್ಮ ಮೇಷ್ಟರಿಗೆ ಅಷ್ಟೇ ಗುರುದಕ್ಷಿಣೆ ಸಾಕು.