ಕೃಷ್ಣೆಯ ದೋಣಿಯೂ ದಡದ ಬುತ್ತಿಯೂ

ಇಂಗ್ಲಿಷ್ ಓದಿದ ನಮ್ಮ ತರುಣರಿಗೆ ಥೇಮ್ಸ್ ನದಿಯ ದೋಣಿವಿಹಾರವು ಚಿರಪರಿಚಿತವಾದ ವಿಷಯ. 1889ರಲ್ಲಿ ಹೊರಬಂದ ಜೆರೋಮ್ ಕೆ. ಜೆರೋಮನ ವಿನೋದಗ್ರಂಥವನ್ನು ಓದಿ ನಗದ ವಿದ್ಯಾರ್ಥಿಯು ವಿರಳ. ಬೆಳಗ್ಗೆ ದೋಣಿಯನ್ನೇರುವುದು, ಎರಡು ದಡಗಳ ಸೊಬಗನ್ನು ನೋಡುತ್ತ ಸಾಗುವುದು, ಮಧ್ಯಾಹ್ನ ನೆರಳಿರುವ ಕಡೆ ಇಳಿದು ಊಟದ ಬುಟ್ಟಿಯನ್ನು ಬಿಚ್ಚುವುದು, ಹೊತ್ತು ಇಳಿಯುವಾಗ ಮನೆಗೆ ಮರಳುವುದು, ಇದು ಆ ನಾಡಿನ ವಾಡಿಕೆ. ಇಂಥದು ನಮ್ಮಲ್ಲಿ ಏಕೆ ಇಲ್ಲವೆಂದು ಕೇಳುವವರುಂಟು. ಇಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ, ದೋಣಿಯನ್ನೇರಿ ಹೊಳೆಯ ದಡದಲ್ಲಿ ಉಂಡು ಬರುವ ಪದ್ಧತಿಯು ಹಳೆಯದು. ಆದರೆ ಆ ದೋಣಿಯನ್ನು ಯಾರೂ ವಿಹಾರಕ್ಕೆಂದು ಕಟ್ಟಿದವರಲ್ಲ. ಅದು ದಿನವೂ ಜನರನ್ನು ದಾಟಿಸುವ ದೋಣಿ. ಹಬ್ಬ ಜಾತ್ರೆಗಳ ದಿನ ಮಾತ್ರ ಅದೇ ವಿಹಾರದ ದೋಣಿಯೂ ಆಗುತ್ತಿದ್ದಿತು. ಈ ಸಂಗತಿಯನ್ನು ಮರೆತರೆ ಮುಂದಿನ ಇತಿಹಾಸವು ಅರ್ಥವಾಗುವುದಿಲ್ಲ.

ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆಗೆ ಕರಾಡದಲ್ಲಿ ಕೊಯ್ನೆಯೂ ನರಸೋಬವಾಡಿಯಲ್ಲಿ ಪಂಚಗಂಗೆಯೂ ಕೂಡುತ್ತವೆ. ನದಿಯು ಕನ್ನಡ ನಾಡನ್ನು ಹೊಕ್ಕ ಮೇಲೆ, ಚಿಕ್ಕೋಡಿ ತಾಲೂಕಿನ ಕಲ್ಲೋಳದ ಬಳಿ ದೂಧಗಂಗೆಯು ಬಂದು ಸೇರುತ್ತದೆ. ನಿಪ್ಪಾಣಿಯ ಕಡೆಯ ವೇದಗಂಗೆಯು ಮೊದಲು ದೂಧಗಂಗೆಗೆ ಬಿದ್ದು, ಅದರೊಡನೆ ಕೃಷ್ಣೆಗೆ ಸಲ್ಲುತ್ತದೆ. ಅಲ್ಲಿಂದ ಕೆಳಗೆ ಬಲದಂಡೆಗೆ ಚಿಕ್ಕೋಡಿ ರಾಯಬಾಗಗಳು, ಎಡದಂಡೆಗೆ ಕಾಗವಾಡ ಅಥಣಿಗಳು. ರೈನ್ ನದಿಯಂತೆ ಇಲ್ಲಿ ಬೆಟ್ಟಗಳಿಲ್ಲ, ಬೆಟ್ಟದ ಮೇಲೆ ಕೋಟೆಗಳಿಲ್ಲ. ಎರಡು ಕಡೆಗೂ ಕರಿಮಣ್ಣಿನ ಬಯಲು, ಕಬ್ಬಿನ ಹೊಲಗಳು, ಜಾಲಿಯ ಸಾಲು, ನೀರಿಗೆ ಇಳಿಯುವ ಕಲ್ಲಿನ ಘಟ್ಟಗಳು. ಮಾರ್ಗಶಿರ ಪುಷ್ಯಗಳಲ್ಲಿ ಮಳೆಗಾಲದ ಕೆಂಪು ನೀರು ಎಂದೋ ಇಳಿದು, ಹೊಳೆಯು ತಿಳಿಯಾಗಿ ಮೆಲ್ಲನೆ ಹರಿಯುತ್ತದೆ. ಆ ಕಾಲದಲ್ಲಿಯೇ ಸಂಕ್ರಾಂತಿ ಬರುವುದು.

ಸಂಕ್ರಾಂತಿಯ ದಿನ ಈ ಸೀಮೆಯ ಮನೆಗಳಲ್ಲಿ ಮಧ್ಯಾಹ್ನ ಒಲೆ ಉರಿಸುವವರು ಕಡಿಮೆ. ಹಿಂದಿನ ದಿನದ ಭೋಗಿಗೇ ಅಡಿಗೆಯ ಸಿದ್ಧತೆ ನಡೆದಿರುತ್ತದೆ. ಎಳ್ಳು ಹಚ್ಚಿ ತಟ್ಟಿದ ಸಜ್ಜೆಯ ರೊಟ್ಟಿಗಳನ್ನು ಗರಿಗರಿಯಾಗಿ ಒಣಗಿಸಿ ಬಿಳಿಯ ಬಟ್ಟೆಯಲ್ಲಿ ಕಟ್ಟುತ್ತಾರೆ. ಇಡಿಯಾಗಿ ಬೇಯಿಸಿದ ಬದನೆಯ ಎಣ್ಣೆಗಾಯಿ, ಪುಂಡಿಯ ಪಲ್ಯ, ಗುರೆಳ್ಳಿನ ಚಟ್ನಿ, ಅಗಸಿಯ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ, ಗಟ್ಟಿ ಮೊಸರು, ಶೇಂಗಾದ ಹೋಳಿಗೆ, ಗೋಧಿ ಬೆಲ್ಲಗಳ ಮಾದಲಿ, ಇವೆಲ್ಲವೂ ಬುತ್ತಿಯ ಗಂಟಿನಲ್ಲಿ ಸೇರುತ್ತವೆ. ಹೊಳೆಗೆ ಬಂದು, ಎಳ್ಳು ಅರಿಸಿನಗಳನ್ನು ಅರೆದು ಮೈಗೆ ಹಚ್ಚಿಕೊಂಡು ಮಿಂದು, ಗಂಗೆಯನ್ನು ಪೂಜಿಸಿ, ಮೊದಲ ಎಡೆಯನ್ನು ಹೊಳೆಗೆ ಸಲ್ಲಿಸಿ, ಆಮೇಲೆ ಮರಳಿನ ಮೇಲೆ ವರ್ತುಲವಾಗಿ ಕುಳಿತು ಉಣ್ಣುವುದು. ಒಂದು ಮನೆಯ ಚಟ್ನಿಯು ಹತ್ತು ಮನೆಗಳ ರೊಟ್ಟಿಯ ಮೇಲೆ ಬೀಳುತ್ತದೆ. ಹಸಿಯ ಕಡಲೆಯ ಗಿಡಗಳನ್ನೂ ಕಬ್ಬಿನ ಗಳಗಳನ್ನೂ ಮಕ್ಕಳು ಹೊತ್ತು ತಂದಿರುತ್ತಾರೆ. ಈ ಅಡಿಗೆಯನ್ನು ಗಮನಿಸಿ ನೋಡಿ: ಒಂದೆರಡು ದಿನ ಕೆಡದ, ಬಂಡಿಯ ಕುಲುಕಾಟಕ್ಕೆ ಚೆಲ್ಲದ, ಆರಿದರೂ ರುಚಿಗೆಡದ ಪದಾರ್ಥಗಳೇ ಹೆಚ್ಚು. ಇದು ದಾರಿಗಾಗಿಯೇ ಹುಟ್ಟಿದ ಊಟ. ಊಟವಾದ ಮೇಲೆ ದೋಣಿಯನ್ನೇರಿ ಆಚೆಯ ದಡದ ದೇವರನ್ನು ಕಂಡು ಬರುವುದೂ ಹಲವರ ಪದ್ಧತಿ.

ಅರಸರು ಇದನ್ನೇ ಇನ್ನಷ್ಟು ವೈಭವದಿಂದ ಮಾಡುತ್ತಿದ್ದರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದ ಕ್ರೀಡಾವಿಂಶತಿಯಲ್ಲಿ ನೀರಿನ ಕ್ರೀಡೆಗೂ ಮರಳಿನ ಕ್ರೀಡೆಗೂ ಬೇರೆಬೇರೆಯಾಗಿಯೇ ಸ್ಥಾನವುಂಟು. ಜಲಕ್ರೀಡೆಯ ವರ್ಣನೆಯಿಲ್ಲದ ಮಹಾಕಾವ್ಯವನ್ನು ಹಳೆಯ ಲಾಕ್ಷಣಿಕರು ಪೂರ್ಣವೆಂದು ಎಣಿಸುತ್ತಿರಲಿಲ್ಲವಷ್ಟೆ. ಆದರೆ ಈ ವರ್ಣನೆಗಳಲ್ಲಿ ಅರಸನೂ ಅರಸಿಯರೂ ಕಾಣುವರಲ್ಲದೆ, ಅವರನ್ನು ದಾಟಿಸಿದ ಅಂಬಿಗನು ಅಪರೂಪ. ಅವನ ದನಿಯನ್ನು ಕೇಳಬೇಕಾದರೆ ಅದೇ ಶತಮಾನದ ವಚನಗಳಿಗೆ ಬರಬೇಕು. ತುಂಗಭದ್ರೆಯ ದಡದ ಚೌಡದಾನಪುರದ ಅಂಬಿಗರ ಚೌಡಯ್ಯನು ತನ್ನ ಕಸುಬಿನ ಹೆಸರನ್ನೂ ತನ್ನ ಹೆಸರನ್ನೂ ಕೂಡಿಸಿಯೇ ವಚನಗಳಿಗೆ ಅಂಕಿತ ಮಾಡಿದನು.

ಇನ್ನು ದೋಣಿಯ ವಿಷಯ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಿಸನು ತುಂಗಭದ್ರೆಯನ್ನು ದಾಟಿಸುವ ಹರಿಗೋಲನ್ನು ವಿವರಿಸಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ, ಬುಟ್ಟಿಯಂತೆ ದುಂಡಾದ ಆಕಾರ. ಹದಿನೈದಿಪ್ಪತ್ತು ಜನರನ್ನು ಹೊರುತ್ತದೆ, ಬೇಕಾದರೆ ಕುದುರೆ ಎತ್ತುಗಳನ್ನೂ ಹೊರುತ್ತದೆ. ನೇರವಾಗಿ ಹೋಗಲಾರದೆ ಸುತ್ತುತ್ತಲೇ ಹೋಗುತ್ತದೆ. ಆ ರಾಜ್ಯದ ಹೊಳೆಗಳಲ್ಲೆಲ್ಲ ಇದರ ಹೊರತು ಬೇರೆ ದೋಣಿಯಿಲ್ಲವೆಂದೂ ಅವನು ಹೇಳುತ್ತಾನೆ. ಗ್ರೀಕರ ಹೆರೊಡೊಟಸನು ಕ್ರಿಸ್ತಪೂರ್ವ ಐದನೆಯ ಶತಮಾನದಲ್ಲಿ ಬಾಬಿಲೋನಿನ ಹೊಳೆಯಲ್ಲಿ ಇಂಥದೇ ತೊಗಲಿನ ದೋಣಿಗಳನ್ನು ವರ್ಣಿಸಿದ್ದುಂಟು. ಅಲ್ಲಿಯ ವರ್ತಕರು ದೋಣಿಯಲ್ಲಿ ಒಂದು ಕತ್ತೆಯನ್ನೂ ಕರೆದುಕೊಂಡು ಬಂದು, ಸರಕನ್ನೂ ದೋಣಿಯ ಕಟ್ಟಿಗೆಯನ್ನೂ ಮಾರಿ, ತೊಗಲನ್ನು ಕತ್ತೆಯ ಮೇಲೆ ಹೇರಿಕೊಂಡು ಕಾಲುದಾರಿಯಲ್ಲಿ ಊರಿಗೆ ಮರಳುತ್ತಿದ್ದರಂತೆ. ನಮ್ಮ ಅಂಬಿಗನು ಹರಿಗೋಲನ್ನು ತಲೆಯ ಮೇಲೆ ಕವಿಚಿಕೊಂಡು ದಡದಲ್ಲಿ ನಡೆಯುವುದನ್ನು ಕಂಡವರಿಗೆ ಆ ಕತ್ತೆಯ ಕಥೆಯಲ್ಲಿ ಆಶ್ಚರ್ಯವೇನೂ ತೋರದು.

ಇಂಥ ದೋಣಿಯ ಬೆಲೆಯನ್ನು ಚೆನ್ನಾಗಿ ಅರಿತ ಪರದೇಶಿಯೆಂದರೆ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲ್ಲಿಂಗ್ಟನ್ ಎಂದು ಪ್ರಸಿದ್ಧನಾದವನು. 1803ರಲ್ಲಿ ಹರಿಹರದಿಂದ ಪುಣೆಗೆ ಸೈನ್ಯವನ್ನು ನಡೆಸುವಾಗ ಅವನು ಕೃಷ್ಣೆಯನ್ನು ಈ ಭಾಗದಲ್ಲಿಯೇ ದಾಟಿದನು. ಆಗ ಬೇಸಗೆ, ನೀರು ಕಡಿಮೆ. ಆದರೆ ಮುಂದಿನ ಮಳೆಗಾಲವನ್ನು ನೆನೆದು ಅವನು ತೊಗಲು ಹೊದಿಸಿದ ಬುಟ್ಟಿದೋಣಿಗಳನ್ನು ಮಾಡಿಸಲು ಪತ್ರದ ಮೇಲೆ ಪತ್ರ ಬರೆದನು. ಹೊಳೆಗಳು ತುಂಬಿದಾಗ ದೋಣಿಯುಳ್ಳವನಿಗೆ ಜಯವೆಂಬುದು ಅವನ ಲೆಕ್ಕ. ನಮ್ಮ ಅಂಬಿಗರಿಗೆ ಇದು ತಲತಲಾಂತರದಿಂದ ತಿಳಿದ ವಿಷಯವಾಗಿತ್ತು. ಅವರಿಗೆ ಅದರಿಂದ ಬಂದುದು ಮಾತ್ರ ಸುಗ್ಗಿಯಲ್ಲಿ ಊರವರು ಕೊಡುವ ಜೋಳದ ಆಯ.

ಕುಂಪಣಿಯ ಆಳಿಕೆ ಹೋಗಿ ರಾಣಿಯ ಆಳಿಕೆ ಬಂದ ಮೇಲೆ, 1868ರ ಮುಂಬಯಿ ದೋಣಿಗಟ್ಟಗಳ ಕಾಯಿದೆಯಿಂದ, ದಾಟುವ ಹಕ್ಕು ಸರಕಾರದ ಕೈಸೇರಿತು. ಘಟ್ಟಗಳನ್ನು ಗುತ್ತಿಗೆಗೆ ಕೊಡುವುದು, ಸುಂಕದ ದರಗಳನ್ನು ಗೊತ್ತುಪಡಿಸುವುದು ಮೊದಲಾಯಿತು. ಆದರೆ ಈ ಸೀಮೆಯಲ್ಲಿ ಸರಕಾರವೆಂದರೆ ಯಾವ ಸರಕಾರ? ಚಿಕ್ಕೋಡಿ ಅಥಣಿಗಳು ಬ್ರಿಟಿಷರ ಬೆಳಗಾವಿ ಜಿಲ್ಲೆಯವು. ರಾಯಬಾಗವು ಕೊಲ್ಲಾಪುರದ ಮಹಾರಾಜರದು. ಕಾಗವಾಡವು ಒಂದು ಕಾಲಕ್ಕೆ ಪಟವರ್ಧನ ಮನೆತನದ ಒಂದು ಶಾಖೆಗೆ ಸೇರಿತ್ತು. ಸಾಂಗಲಿ, ಮೀರಜ, ಕುರುಂದವಾಡ, ಜಮಖಂಡಿಗಳ ಸಂಸ್ಥಾನಗಳು ಸುತ್ತಲೂ ಚದುರಿದ್ದವು. ಒಂದು ದಡದಲ್ಲಿ ಬುತ್ತಿಯನ್ನು ಕಟ್ಟಿಕೊಂಡು ಹೊರಟ ಮನೆಯವರು ಇನ್ನೊಂದು ದಡದಲ್ಲಿ ಬೇರೊಬ್ಬ ಪ್ರಭುವಿನ ನೆಲದಲ್ಲಿ ಉಣ್ಣುತ್ತಿದ್ದರು. ಅವರಿಗೆ ಅದು ಅರಿವಿಗೂ ಬರುತ್ತಿರಲಿಲ್ಲವೆಂದೇ ನನ್ನ ಎಣಿಕೆ. ಬೀಗರು, ಸಂತೆ, ದೇವರು, ಈ ಮೂರೂ ಎರಡು ದಡಗಳಲ್ಲಿ ಹಂಚಿಹೋಗಿದ್ದ ಜನಕ್ಕೆ ಹೊಳೆಯು ಎಲ್ಲೆಯಾಗುವುದು ಹೇಗೆ? ದಕ್ಷಿಣ ಮಹಾರಾಷ್ಟ್ರದ ಆ ಚಿಕ್ಕ ಸಂಸ್ಥಾನಗಳು 1948ರಲ್ಲಿಯೂ ಕೊಲ್ಲಾಪುರವು 1949ರಲ್ಲಿಯೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ 1ರಂದು ಬೆಳಗಾವಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಹಲವು ಎಲ್ಲೆಗಳು ಅಳಿದು ಒಂದೇ ಎಲ್ಲೆ ಉಳಿಯಿತು. ಆದರೆ ಅದು ಮೊದಲಿನವುಗಳಿಗಿಂತ ಬಿಗಿಯಾದ ಎಲ್ಲೆ.

ಆ ಎಲ್ಲೆಯ ಆಚೆ, ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲೂಕಿನಲ್ಲಿ, ಕೃಷ್ಣೆಯ ದಡದಲ್ಲಿಯೇ ಖಿದ್ರಾಪುರವಿದೆ. ಹನ್ನೆರಡನೆಯ ಶತಮಾನದ ಶಿಲಾಹಾರರ ಕಾಲದ ಕೋಪೇಶ್ವರ ದೇವಾಲಯವು ಅಲ್ಲಿಯದು. ಅದರ ಮುಂದಿನ ಸ್ವರ್ಗಮಂಟಪಕ್ಕೆ ನಡುವೆ ಛಾವಣಿಯಿಲ್ಲ. ದುಂಡಾದ ತೆರವಿನಿಂದ ಆಕಾಶವೇ ಕಾಣುತ್ತದೆ. ಅಲ್ಲಿಯ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಶಕ 1136ರ, ಎಂದರೆ 1213-14ರ, ಯಾದವ ಸಿಂಘಣನ ದಾನಶಾಸನವು ಸಂಸ್ಕೃತದ್ದು. ಆ ಗುಡಿಯಲ್ಲಿ ಶಿವನ ಎದುರಿಗೆ ನಂದಿಯಿಲ್ಲ. ಜನರ ಕಥೆಯಂತೆ, ದಕ್ಷನ ಯಜ್ಞಕ್ಕೆ ಕರೆಯಿಲ್ಲದೆ ಹೊರಟ ಸತಿಯು ನಂದಿಯನ್ನೇರಿ ಯಡೂರಿಗೆ ಹೋದಳು. ನಂದಿಯು ಅಲ್ಲಿಯೇ ಉಳಿಯಿತು. ಕೋಪಗೊಂಡ ಶಿವನು ಖಿದ್ರಾಪುರದಲ್ಲಿ ಕೋಪೇಶ್ವರನಾದನು. ಯಡೂರಿನಲ್ಲಿ ವೀರಭದ್ರನ ದೊಡ್ಡ ಗುಡಿಯಿರುವುದರಿಂದ ಕಥೆಗೆ ಹೊಂದಿಕೆಯೂ ಉಂಟು. ಯಡೂರು ಚಿಕ್ಕೋಡಿ ತಾಲೂಕಿನದು. ಹೀಗೆ ದೇವರು ಮಹಾರಾಷ್ಟ್ರದಲ್ಲಿ, ಅವನ ವಾಹನವು ಕರ್ನಾಟಕದಲ್ಲಿ. ಇಬ್ಬರನ್ನೂ ಒಂದೇ ದಿನ ಕಾಣಬಯಸುವ ಭಕ್ತನಿಗೆ ಹೊಳೆಯನ್ನು ದಾಟದೆ ಗತಿಯಿಲ್ಲ. ಇತಿಹಾಸಕಾರನು ಈ ಕಥೆಯನ್ನು ಪ್ರಮಾಣವೆಂದು ಹಿಡಿಯಬೇಕಾಗಿಲ್ಲ. ಆದರೆ ಎರಡು ದಡಗಳ ಜನ ಒಂದೇ ದೋಣಿಯಲ್ಲಿ ಕುಳಿತು ಕಟ್ಟಿದ ಕಥೆಯೆಂಬುದಕ್ಕೆ ಬೇರೆ ಪ್ರಮಾಣವೇಕೆ?

ದೋಣಿಯ ಕಾಲವು ಒಮ್ಮೆಲೇ ಮುಗಿಯಲಿಲ್ಲ. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯು ಕುಡಚಿ ಉಗಾರಗಳ ನಡುವೆ ಕೃಷ್ಣೆಗೆ ಸೇತುವೆ ಕಟ್ಟಿತು. ದೂರದ ಪ್ರಯಾಣಿಕರು ಅದರ ಪಾಲಾದರು. 1939ರಲ್ಲಿ ಉಗಾರದ ಸಕ್ಕರೆ ಕಂಪನಿ ಹುಟ್ಟಿತು. ಕಬ್ಬಿಗೆ ನೀರೂ ರಸ್ತೆಯೂ ಬೇಕಾದವು. ಆಮೇಲೆ ಬಂದವು ಬಾಂದಾರಗಳು. ಕಂಬಗಳ ನಡುವೆ ಹಲಗೆಗಳನ್ನಿಳಿಸಿ ಚಳಿಗಾಲದ ನೀರನ್ನು ತಡೆಯುವುದು, ಮೇಲ್ಭಾಗವನ್ನೇ ರಸ್ತೆಯಾಗಿ ಬಳಸುವುದು ಇವುಗಳ ರೀತಿ. ಒಂದೊಂದು ಬಾಂದಾರವೂ ಒಂದೊಂದು ದೋಣಿಗಟ್ಟವನ್ನು ನುಂಗಿತೆನ್ನಬಹುದು. ಬಂಡಿಯೂ ರೋಗಿಯೂ ಶಾಲೆಯ ಮಕ್ಕಳೂ ಸುಖವಾಗಿ ದಾಟುವಂತಾದುದನ್ನು ಯಾರು ಹಳಿಯುವರು? ಕವಿಗಳು ದೋಣಿಗಾಗಿ ನಿಟ್ಟುಸಿರಿಡಲಿ. ತುಂಬುಹೊಳೆಯಲ್ಲಿ ಹೆರಿಗೆಯ ಹೆಂಗಸನ್ನು ದಾಟಿಸಿದ ಮನೆಯವರು ನಿಟ್ಟುಸಿರಿಡಲಾರರು. ಆದರೂ ನಷ್ಟವಿಲ್ಲದೆ ಹೋಗಲಿಲ್ಲ. ತಡೆದ ನೀರಿನ ಕೆಳಗೆ ಸಂಕ್ರಾಂತಿಯ ಮರಳದಿಣ್ಣೆಗಳು ಮುಳುಗಿದವು. ಇಲ್ಲಿ ಆಳ, ಇಲ್ಲಿ ಸುಳಿ, ಇಲ್ಲಿ ಕೆಸರು ಎಂದು ಹೊಳೆಯ ತಳವನ್ನು ಅಂಗೈಯಂತೆ ಬಲ್ಲವರ ಸಂಖ್ಯೆ ಕುಗ್ಗಿತು.

ಆ ಬಲ್ಲವರು ಬೇಕಾದ ಕಾಲವು ಮಾತ್ರ ಕಳೆಯಲಿಲ್ಲ. 2019ರ ಬೇಸಗೆಯಲ್ಲಿ ಕೃಷ್ಣೆಯು ಈ ತಾಲೂಕುಗಳಲ್ಲಿ ಬತ್ತಿ, ಕೊಯ್ನೆಯ ಜಲಾಶಯದಿಂದ ನೀರು ಬಿಡಬೇಕೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಿಕೊಂಡಿತು. ಅದೇ ವರ್ಷದ ಆಗಸ್ಟಿನಲ್ಲಿ ಹೊಳೆಯು ಉಕ್ಕಿ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ದಡದ ಊರುಗಳು ನೀರಿನಲ್ಲಿ ನಿಂತವು. ಕಲ್ಲೋಳ ಯಡೂರುಗಳ ನಡುವಣ ತಗ್ಗಿನ ಸೇತುವೆಯಂಥವು ಸಾಧಾರಣ ಮಳೆಗಾಲದಲ್ಲಿಯೂ ಮುಳುಗತಕ್ಕವು. ಆ ವರ್ಷ ಅವು ಎಲ್ಲಿದ್ದವೆಂಬುದೇ ತಿಳಿಯದಂತಾಯಿತು. ಜನರನ್ನು ಮನೆಯ ಮಾಳಿಗೆಗಳಿಂದ ಇಳಿಸಲು ದೋಣಿಗಳೇ ಬರಬೇಕಾಯಿತು. ಅವು ರಬ್ಬರಿನ ದೋಣಿಗಳು. ನಡೆಸುವವರು ದೂರದಿಂದ ಬಂದ ಸಾಹಸಿಗಳು. ಮೊದಲಾದರೆ ಪ್ರತಿಯೊಂದು ಘಟ್ಟದಲ್ಲಿಯೂ ಊರಿನದೇ ಒಂದು ದೋಣಿ, ಊರಿನವನೇ ಒಬ್ಬ ಅಂಬಿಗ ಇರುತ್ತಿದ್ದರು.

ಆದುದರಿಂದ ಈ ಹೊಳೆಯ ಮೇಲೆ ವಿಹಾರದ ದೋಣಿಗಳನ್ನು ನಡೆಸಬೇಕೆಂಬ ಮಾತು ಬಂದಾಗ ನಾನು ಅದನ್ನು ಬರಿಯ ಶೋಕಿಯೆಂದು ತಳ್ಳಿಹಾಕಲಾರೆ. ದುಡಿಮೆಯಿದ್ದರೆ ದೋಣಿ ಉಳಿಯುವುದು. ದೋಣಿ ಉಳಿದರೆ ಹೊಳೆಯನ್ನು ಬಲ್ಲವನು ಉಳಿಯುವನು. ಹೋಗಬಯಸುವವರು ಪುಷ್ಯಮಾಸದಲ್ಲಿ, ನೀರು ತಿಳಿಯಾಗಿರುವಾಗ ಹೋಗಲಿ. ಬಾಂದಾರದ ಸಮೀಪದ ಮಡುಗಳಲ್ಲಿ ಈಜಲು ಇಳಿಯದಿರಲಿ. ಬೆಳಗ್ಗೆ ಯಡೂರಿನಲ್ಲಿ ನಂದಿಯನ್ನು ಕಂಡು, ಮಧ್ಯಾಹ್ನ ಖಿದ್ರಾಪುರದ ಮಂಟಪದಲ್ಲಿ ಆಕಾಶವನ್ನು ಕಂಡು, ಆಮೇಲೆ ದಡದ ನೆರಳಿನಲ್ಲಿ ಗಂಟನ್ನು ಬಿಚ್ಚಲಿ. ಬುತ್ತಿಯನ್ನು ಕಟ್ಟುವಾಗ ಅಂಬಿಗನ ಪಾಲಿನ ರೊಟ್ಟಿಗಳನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು. ಹುಟ್ಟು ಹಾಕುವವನಿಗೆ ಹಸಿವು ಹೆಚ್ಚು.