ರಾಗಿಯ ಹೆಗ್ಗಳಿಕೆಗೆ ಯಾರ ಸಾಕ್ಷಿ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಹೊಲಗಳಿಗೆ ರಾಗಿ ಹೊಸದಲ್ಲ. ಅದನ್ನು ಮಾಲ್ಟ್ ಮಾಡಿ ಡಬ್ಬಿಗೆ ತುಂಬಿ, ಮೂಳೆಗೆ ಬಲ, ಸಕ್ಕರೆ ಕಾಯಿಲೆಗೆ ಮದ್ದು ಎಂದು ಚೀಟಿ ಅಂಟಿಸಿ ಮಾರುವುದು ಹೊಸದು. ಹೊಗಳಿಕೆ ಮಾತ್ರ ಡಬ್ಬಿಗಿಂತ ಬಹಳ ಹಳೆಯದು. 1800ರಲ್ಲಿ ಚನ್ನಪಟ್ಟಣ, ರಾಮಗಿರಿ, ಮಾಗಡಿಗಳನ್ನೂ ಸೇರಿಸಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ದುಡಿಯುವ ಜನಕ್ಕೆ ರಾಗಿಯಷ್ಟು ಕಸುವು ಕೊಡುವ ಆಹಾರ ಬೇರೆ ಇಲ್ಲವೆಂದು ಇಲ್ಲಿನವರು ನಂಬಿದ್ದನ್ನು ಬರೆದಿಟ್ಟ. ಮದರಾಸು ಕಡೆಯಿಂದ ಬಂದಿದ್ದ, ಅನ್ನ ಉಂಡು ಬೆಳೆದ ಅವನ ಆಳುಗಳಿಗೆ ಅದೇ ರಾಗಿ ಬಾಯಿಗಿಡಲಾಗದ ತಿನಿಸು. ಯಾವ ನಾಡಿನಲ್ಲಿ ಯಾವ ಧಾನ್ಯ ಹೇರಳವೋ ಅದೇ ಆರೋಗ್ಯಕ್ಕೆ ಮೇಲೆಂದು ಆ ನಾಡಿನವರು ತಿಳಿಯುತ್ತಾರೆ, ಅದು ಒಳ್ಳೆಯದೇ ಆಯಿತು ಎಂಬುದು ಬುಕಾನನ್ ಕಂಡುಕೊಂಡ ಮಾತು. 1807ರಲ್ಲಿ ಅಚ್ಚಾದ ಈ ಬರಹವನ್ನು, ಗ್ರಾಹಕರ ಅನಿಸಿಕೆ ಕೇಳಿ ಜಾಹೀರಾತು ಬರೆಯುವ ಇಂದಿನ ಕಂಪನಿಗಳು ಓದಬೇಕು.

ತಿಂದವರ ಸಾಕ್ಷಿ ಸುಳ್ಳಲ್ಲ, ಆದರೆ ಅದಕ್ಕೊಂದು ಮೇರೆಯಿದೆ. ಮುದ್ದೆ ಉಂಡರೆ ಹೊತ್ತು ಇಳಿಯುವವರೆಗೆ ಹಸಿವು ತಡೆಯುತ್ತದೋ ಇಲ್ಲವೋ ಎಂಬುದನ್ನು ಉಂಡವರೇ ಹೇಳಬೇಕು. ಮೂಳೆಗೆ ಸುಣ್ಣ ಸೇರಿತೇ ಎಂಬುದು ಉಂಡವರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಬೇರೆ ಬಗೆಯ ಪರೀಕ್ಷೆ ಬೇಕು. ಕೂನೂರಿನ ಪೋಷಣಾ ಸಂಶೋಧನೆಯ ಪ್ರಯೋಗಾಲಯ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶಗಳ ಪಟ್ಟಿ ಪ್ರಕಟಿಸಿತು. ಅದರ ವಾರಸುದಾರ ಸಂಸ್ಥೆ ಹೈದರಾಬಾದಿನಿಂದ 2017ರಲ್ಲಿ ಹೊರತಂದ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಷ್ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಹಾಗೆಂದು ಹಿಟ್ಟಿನಲ್ಲಿರುವುದೆಲ್ಲ ಮೈಗೆ ಹತ್ತುವುದಿಲ್ಲ, ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ಈ ಗಂಟನ್ನು ಬಿಡಿಸಲು ಕೈಹಾಕಿದ್ದು 1950ರಲ್ಲಿ ಮೈಸೂರಿನಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಸಿಎಫ್‌ಟಿಆರ್‌ಐ. ಅಲ್ಲಿನ ವಿ. ಸುಬ್ರಹ್ಮಣ್ಯನ್ ಮತ್ತು ಎಂ. ಸ್ವಾಮಿನಾಥನ್ ಅವರ ತಂಡ ವಯಸ್ಕರ ಮೇಲೆ ನಡೆಸಿದ ಪ್ರಯೋಗವನ್ನು 1955ರಲ್ಲೂ, ಪೋಷಣೆ ಸಾಲದ ಮಕ್ಕಳ ಮೇಲೆ ನಡೆಸಿದ ಪ್ರಯೋಗವನ್ನು 1959ರಲ್ಲೂ ಪ್ರಕಟಿಸಿತು. ಉಂಡದ್ದನ್ನು ತೂಗಿ, ಮಲಮೂತ್ರದಲ್ಲಿ ಹೊರಹೋದದ್ದನ್ನು ಅಳೆದು, ದೇಹದಲ್ಲಿ ಉಳಿದದ್ದೆಷ್ಟು ಎಂದು ಲೆಕ್ಕ ಹಾಕುವ ಕ್ರಮ ಅದು. ಬಡ ಸಸ್ಯಾಹಾರದಲ್ಲಿ ಅಕ್ಕಿಯ ಜಾಗಕ್ಕೆ ರಾಗಿ ಬಂದಾಗ ಮಕ್ಕಳ ದೇಹ ಹೆಚ್ಚು ಕ್ಯಾಲ್ಸಿಯಂ ಉಳಿಸಿಕೊಂಡಿತು. ಹಳ್ಳಿಯ ನಂಬಿಕೆಯಲ್ಲಿ ಇಷ್ಟು ಭಾಗ ತಕ್ಕಡಿಯಲ್ಲಿ ಗೆದ್ದಿತು.

ತಲೆಮಾರುಗಳು ಮುದ್ದೆ ಉಂಡೇ ಗಟ್ಟಿಮುಟ್ಟಾಗಿ ಬಾಳಿದವಲ್ಲ, ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದು ಎಂದು ಕೇಳುವವರಿದ್ದಾರೆ. ಆ ತಲೆಮಾರು ಉಂಡದ್ದು ಬರೀ ರಾಗಿಯನ್ನಲ್ಲ. ಜೊತೆಗೆ ಹುರುಳಿ, ಅವರೆ, ಸೊಪ್ಪಿನ ಸಾರು ಇತ್ತು, ದಿನವಿಡೀ ಹೊಲದ ದುಡಿಮೆಯಿತ್ತು. ಯಾವುದರಿಂದ ಎಷ್ಟು ಬಲ ಬಂತೆಂದು ಬೇರ್ಪಡಿಸಲು ಬಾರದು. ರೋಗ ಬಂದು ಬೇಗ ಹೋದವರು ಈ ಸಾಕ್ಷಿಯ ಲೆಕ್ಕಕ್ಕೆ ಬರುವುದೂ ಇಲ್ಲ. ಮೇಲಾಗಿ ಮಾಲ್ಟ್ ಮುದ್ದೆಯಲ್ಲ. ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸುವಾಗ ಫೈಟೇಟ್ ಇಳಿಯುತ್ತದೆ, ಅದು ಲಾಭ. ಅದೇ ಮೊಳಕೆ ಪಿಷ್ಟವನ್ನು ಒಡೆದು ಸಿಹಿಯಾಗಿಸುತ್ತದೆ. ನುಣ್ಣನೆ ಹಿಟ್ಟಿನ ಗಂಜಿ ರಕ್ತದ ಸಕ್ಕರೆಯನ್ನು ಬೇಗ ಏರಿಸಬಲ್ಲದು. ಅಜ್ಜನ ಮುದ್ದೆಯ ಕೀರ್ತಿಯನ್ನು ಮೊಮ್ಮಗನ ಲೋಟಕ್ಕೆ ಹಾಗೆಯೇ ಬಗ್ಗಿಸಲಾಗದು.

ಇಷ್ಟೆಲ್ಲ ಪರೀಕ್ಷೆ ಕೇಳಿದರೆ ಮನೆಯಲ್ಲೇ ಹಿಟ್ಟು ಮಾಡಿ ಮಾರುವ ಹೆಣ್ಣುಮಕ್ಕಳ ಗತಿ ಏನು ಎಂಬ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಆದರೆ ಕಾನೂನು ಎಲ್ಲರಿಂದಲೂ ದೊಡ್ಡ ಪ್ರಯೋಗ ಕೇಳುವುದಿಲ್ಲ, ಆಡಿದ ಮಾತಿಗೆ ತಕ್ಕ ಆಧಾರ ಕೇಳುತ್ತದೆ. ಮಧುಮೇಹ ಗುಣವಾಗುತ್ತದೆಂಬ ಔಷಧದ ಜಾಹೀರಾತನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆಹಾರದ ಪೊಟ್ಟಣದ ಮೇಲಿನ ಹೇಳಿಕೆಗೆ ವೈಜ್ಞಾನಿಕ ಆಧಾರವಿರಬೇಕೆಂದು 2018ರ ನಿಯಮ ಹೇಳುತ್ತದೆ. ಒಂದು ಲೋಟ ಮಾಲ್ಟ್‌ಗೆ 25 ಗ್ರಾಂ ರಾಗಿ ಹಿಟ್ಟು ಹಾಕಿದರೆ ಸಿಗುವ ಕ್ಯಾಲ್ಸಿಯಂ ಸುಮಾರು 90 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1000 ಮಿಲಿಗ್ರಾಂ. ಈ ಲೆಕ್ಕ ಅಚ್ಚು ಹಾಕಿಸಲು ಯಾವ ಪ್ರಯೋಗಾಲಯವನ್ನೂ ಕಟ್ಟಬೇಕಿಲ್ಲ. ಮೈಸೂರಿನಲ್ಲಿ ತೂಗಿ ತೋರಿಸಿದಷ್ಟನ್ನು ಮಾಗಡಿಯ ಮಾರಾಟಗಾರ ಧೈರ್ಯವಾಗಿ ಹೇಳಲಿ. ಅದಕ್ಕಿಂತ ಹೆಚ್ಚು ಹೇಳಬೇಕೆಂದರೆ ಮೊದಲು ತೂಗಿಸಿಕೊಂಡು ಬರಲಿ.