ಪ್ರಶ್ನೆ ಇಟ್ಟವರು ಯಾರು? ಕಾನೂನು ವಿದ್ಯಾರ್ಥಿಗಳ ಚರ್ಚಾಕೂಟಗಳ ಚರಿತ್ರೆಯಿಂದ ಎರಡು ಅಧ್ಯಾಯ

ನಾನು ಕಾನೂನು ಓದುತ್ತಿದ್ದಾಗ ನಮ್ಮ ಕಾಲೇಜಿನ ಚರ್ಚಾ ವೇದಿಕೆಯವರು ಒಂದು ಸ್ಪರ್ಧೆ ಇಟ್ಟಿದ್ದರು. ವಿಷಯ: ಮೀಸಲಾತಿ ಪ್ರತಿಭೆಗೆ ಮಾರಕವೇ? ಹಾಸ್ಟೆಲಿನಿಂದ ನನ್ನನ್ನು ಕರೆಸಿ, 'ಮಾರಕ ಅಲ್ಲ ಅಂತ ನೀನೇ ಮಾತಾಡಬೇಕಪ್ಪಾ, ನಿನಗಿಂತ ಚೆನ್ನಾಗಿ ಇನ್ಯಾರು ಹೇಳ್ತಾರೆ' ಅಂದರು. ಮಾತಾಡಿದೆ. ಮೊದಲ ಬಹುಮಾನವೂ ಬಂತು. ಆದರೆ ಬಹುಮಾನದ ಸ್ಟೀಲ್ ಲೋಟ ಹಿಡಿದು ಹಾಸ್ಟೆಲಿಗೆ ವಾಪಸಾಗುವಾಗ ಗೆದ್ದವನಿಗೆ ಆಗಬೇಕಾದ ಖುಷಿ ಯಾಕೋ ಆಗಲಿಲ್ಲ. ನನ್ನ ಎದುರಾಳಿ ಒಂದು ವಿಷಯದ ಬಗ್ಗೆ ಮಾತಾಡಿ ಮನೆಗೆ ಹೋಗಿದ್ದ. ನಾನು, ಆ ಕಾಲೇಜಿನ ಬೆಂಚಿನ ಮೇಲೆ ಕೂರುವ ಯೋಗ್ಯತೆ ನನಗಿದೆ ಎಂದು ಹತ್ತು ನಿಮಿಷ ಸಾಬೀತು ಮಾಡಿ ಬಂದಿದ್ದೆ.

ಈಗ ನಾನೇ ಪಾಠ ಹೇಳುತ್ತಿದ್ದೇನೆ. ಹೋದ ವರ್ಷ ವಿದ್ಯಾರ್ಥಿಗಳು ಅದೇ ವಿಷಯದ ಚೀಟಿ ಹಿಡಿದುಕೊಂಡು ನನ್ನ ಹತ್ತಿರವೇ ಬಂದರು. 'ಮುಕ್ತ ಚರ್ಚೆ ಸಾರ್, ಎರಡೂ ಕಡೆಯವರಿಗೂ ಸಮಾನ ಸಮಯ' ಎಂದರು. ಸಮಯವೇನೋ ಸಮಾನವೇ. ಆದರೆ ಪ್ರಶ್ನೆ? ಆ ಪ್ರಶ್ನೆಯನ್ನು ಮೇಜಿನ ಮೇಲೆ ಇಟ್ಟವರು ಯಾರು? ಈ ಗೊಂದಲವೇ ನನ್ನನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳ ಚರಿತ್ರೆಯ ಕಡೆ ತಿರುಗಿಸಿತು. ಅಲ್ಲಿ ಇಂಥ ಚರ್ಚಾಕೂಟಗಳು ಬರೀ ಬಹುಮಾನ ಹಂಚಿ ಮುಗಿದಿಲ್ಲ. ದೇಶದ ಕಾನೂನನ್ನೇ ತಿರುಗಿಸಿವೆ.

1982ರಲ್ಲಿ ಯೇಲ್ ಮತ್ತು ಷಿಕಾಗೊ ವಿಶ್ವವಿದ್ಯಾಲಯಗಳ ಕೆಲವು ಕಾನೂನು ವಿದ್ಯಾರ್ಥಿಗಳು ಫೆಡರಲಿಸ್ಟ್ ಸೊಸೈಟಿ ಎಂಬ ಕೂಟ ಕಟ್ಟಿದರು. ಯೇಲ್‌ನಲ್ಲಿ ಸ್ಟೀವನ್ ಕಲಬ್ರೇಸಿ, ಷಿಕಾಗೊದಲ್ಲಿ ಲೀ ಲಿಬರ್ಮನ್ ಮತ್ತು ಡೇವಿಡ್ ಮೆಕಿಂತಾಷ್. ಕಾನೂನು ಶಾಲೆಗಳೆಲ್ಲ ಉದಾರವಾದಿಗಳ ಹಿಡಿತದಲ್ಲಿವೆ, ಸಂಪ್ರದಾಯವಾದಿಗಳಾದ ನಮ್ಮ ಮಾತಿಗೆ ಜಾಗವೇ ಇಲ್ಲ ಎಂಬುದು ಅವರ ಅಳಲು. ದೇಶದ ಅತಿ ಪ್ರತಿಷ್ಠಿತ ಶಾಲೆಗಳಲ್ಲಿ ಕೂತವರು ತಮ್ಮನ್ನು ತಾವೇ ಅಂಚಿನವರು ಎಂದು ಕರೆದುಕೊಂಡ ಈ ಬಗೆಯನ್ನು ನಾವು ಗಮನಿಸಬೇಕು. ಇದು ನಮಗೇನು ಹೊಸತಲ್ಲ.

ಆ ವರ್ಷದ ಏಪ್ರಿಲ್‌ನಲ್ಲಿ ಯೇಲ್‌ನಲ್ಲಿ ಮೊದಲ ವಿಚಾರ ಸಂಕಿರಣ ನಡೆಯಿತು. ಬೆನ್ನಿಗೆ ಪ್ರಾಧ್ಯಾಪಕರಿದ್ದರು: ಯೇಲ್‌ನ ರಾಬರ್ಟ್ ಬೋರ್ಕ್, ಷಿಕಾಗೊದ ಆಂಟನಿನ್ ಸ್ಕಲಿಯ. ಓಲಿನ್ ಪ್ರತಿಷ್ಠಾನದಂಥ ಶ್ರೀಮಂತ ಸಂಸ್ಥೆಗಳ ಹಣವೂ ಬಂತು. ಅವರು ಬಳಸಿದ ತಂತ್ರ ಮಾತ್ರ ಬಹಳ ಸರಳ. ಸಂಘ ತನ್ನ ಹೆಸರಿನಲ್ಲಿ ಯಾವ ನಿಲುವನ್ನೂ ಪ್ರಕಟಿಸುವುದಿಲ್ಲ, ಯಾವ ಮೊಕದ್ದಮೆಯನ್ನೂ ಹೂಡುವುದಿಲ್ಲ. ಬರೀ ಉಪನ್ಯಾಸ, ಬರೀ ಚರ್ಚೆ. ಎದುರು ಪಕ್ಷದ ಪಂಡಿತರನ್ನೂ ಮರ್ಯಾದೆಯಿಂದ ಕರೆದು ಕೂರಿಸುತ್ತಾರೆ. ಈ ವಿಷಯದಲ್ಲಿ ಅವರನ್ನು ಹಗುರವಾಗಿ ಕಾಣಬಾರದು. ನಮ್ಮ ಎಷ್ಟೋ ಪ್ರಗತಿಪರ ವೇದಿಕೆಗಳಿಗೆ ವಿರೋಧಿಯನ್ನು ಕರೆಯುವ ಧೈರ್ಯ ಇರುವುದಿಲ್ಲ.

ಆದರೆ ಮೇಜು ಅವರದು, ವಿಷಯಪಟ್ಟಿ ಅವರದು. ಸಂವಿಧಾನ ಬರೆದ ಕಾಲದಲ್ಲಿ ಅದರ ಮಾತುಗಳಿಗೆ ಯಾವ ಅರ್ಥವಿತ್ತೋ ಅದೇ ಅರ್ಥ ಇಂದಿಗೂ ನಡೆಯಬೇಕು ಎಂಬ ಮೂಲಾರ್ಥವಾದವನ್ನು ಅವರು ಎಷ್ಟು ಸಲ ಚರ್ಚೆಗೆ ಇಟ್ಟರೆಂದರೆ, ಒಂದು ಕಾಲಕ್ಕೆ ಅಂಚಿನದಾಗಿದ್ದ ವಾದ ಎಲ್ಲರೂ ಉತ್ತರ ಹೇಳಲೇಬೇಕಾದ ವಾದವಾಯಿತು. ಇನ್ನೊಂದು ಕಡೆ, ಕೂಟದಲ್ಲಿ ಮಾತು ಕಲಿತ ಹುಡುಗರು ನ್ಯಾಯಮೂರ್ತಿಗಳ ಸಹಾಯಕರಾದರು, ರೇಗನ್ ಸರ್ಕಾರದ ವಕೀಲರಾದರು. ಸ್ಕಲಿಯ 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1987ರಲ್ಲಿ ಬೋರ್ಕ್ ನೇಮಕವನ್ನು ಸೆನೆಟ್ 58-42 ಮತಗಳಿಂದ ತಿರಸ್ಕರಿಸಿತು. ಸಂಘ ಕುಗ್ಗಲಿಲ್ಲ, ಶಾಖೆ ಕಟ್ಟುತ್ತಲೇ ಹೋಯಿತು. 2017, 2018, 2020ರಲ್ಲಿ ಟ್ರಂಪ್ ಮೂವರು ನ್ಯಾಯಮೂರ್ತಿಗಳನ್ನು ನೇಮಿಸಿದಾಗ ಹೆಸರುಗಳ ಆಯ್ಕೆಯಲ್ಲಿ ಈ ಸಂಘದ ಮುಂದಾಳು ಲಿಯೊನಾರ್ಡ್ ಲಿಯೊ ಅವರ ಕೈ ಇತ್ತು. 2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನ ವಿಶ್ವವಿದ್ಯಾಲಯಗಳು ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುತ್ತಿದ್ದ ಪದ್ಧತಿಯನ್ನು ಅದೇ ಕೋರ್ಟು ರದ್ದು ಮಾಡಿತು. ಕಾಲೇಜಿನ ಚರ್ಚಾ ಕೊಠಡಿಯಿಂದ ತೀರ್ಪಿನ ಪೀಠದವರೆಗೆ 41 ವರ್ಷ.

ಈ ಸಂಘದ ಲಾಂಛನದಲ್ಲಿರುವುದು ಜೇಮ್ಸ್ ಮ್ಯಾಡಿಸನ್ನರ ಮುಖ. ಸಂಘದ ಹೆಸರು ಹುಟ್ಟಿದ್ದು ಅವರೂ, ಹ್ಯಾಮಿಲ್ಟನ್ ಮತ್ತು ಜೇ ಕೂಡಾ ಸೇರಿ 1787-88ರಲ್ಲಿ ಬರೆದ 85 ಲೇಖನಗಳಿಂದ. ಅವುಗಳಲ್ಲಿ 54ನೆಯದು ಗುಲಾಮರನ್ನು ಜನಸಂಖ್ಯೆಯಲ್ಲಿ ಐದರಲ್ಲಿ ಮೂರು ಪಾಲು ಎಂದು ಎಣಿಸುವ ನಿಯಮವನ್ನು ಸಮರ್ಥಿಸುತ್ತದೆ. ಗುಲಾಮ ಅರ್ಧ ಮನುಷ್ಯ, ಅರ್ಧ ಆಸ್ತಿ ಎಂಬ ತರ್ಕ ಅಲ್ಲಿದೆ. ಮ್ಯಾಡಿಸನ್ನರ ತೋಟದಲ್ಲೇ ನೂರರಷ್ಟು ಗುಲಾಮರು ದುಡಿಯುತ್ತಿದ್ದರು. ಅದೂ ಒಂದು ಚರ್ಚೆಯೇ, ಬಹಳ ಉನ್ನತ ಮಟ್ಟದ ಚರ್ಚೆ. ಎಣಿಸಲ್ಪಟ್ಟವರಿಗೆ ಮಾತ್ರ ಅಲ್ಲಿ ಕುರ್ಚಿ ಇರಲಿಲ್ಲ. ಮೂಲಾರ್ಥ ಎಂದಾಗ ಯಾರ ಮೂಲ, ಯಾರ ಅರ್ಥ ಎಂದು ಕೇಳದೆ ಇರಲು ಸಾಧ್ಯವೇ?

ಕುರ್ಚಿ ಇಲ್ಲದವರು ಏನು ಮಾಡಿದರು ಎಂಬುದೇ ಎರಡನೆಯ ಅಧ್ಯಾಯ. ಇದು ಮೊದಲನೆಯದಕ್ಕಿಂತ ಹಳೆಯದು.

ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯ ಕಪ್ಪು ಜನರ ವಿದ್ಯಾಸಂಸ್ಥೆ. ಅದರ ಕಾನೂನು ಶಾಲೆಯ ಹೊಣೆಯನ್ನು 1929ರಲ್ಲಿ ಚಾರ್ಲ್ಸ್ ಹ್ಯಾಮಿಲ್ಟನ್ ಹೂಸ್ಟನ್ ವಹಿಸಿಕೊಂಡರು. ರಾತ್ರಿ ಶಾಲೆಯನ್ನು ಹಗಲಿನ ಪೂರ್ಣ ಪ್ರಮಾಣದ ಶಾಲೆ ಮಾಡಿದರು. ವಕೀಲ ಎಂದರೆ ಸಮಾಜದ ರಚನೆಯನ್ನೇ ಬದಲಿಸುವವನು ಎಂದು ಕಲಿಸಿದರು. ತನ್ನ ಊರಿನ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬಾಗಿಲು ಕಪ್ಪು ಜನರಿಗೆ ಮುಚ್ಚಿದ್ದರಿಂದ ಇಲ್ಲಿಗೆ ಬಂದ ಥರ್ಗುಡ್ ಮಾರ್ಷಲ್ 1933ರಲ್ಲಿ ಪದವಿ ಪಡೆದರು. ಮೂರೇ ವರ್ಷದಲ್ಲಿ, 1936ರಲ್ಲಿ, ಗುರು ಶಿಷ್ಯರು ಸೇರಿ ಅದೇ ಮೇರಿಲ್ಯಾಂಡ್ ಕಾನೂನು ಶಾಲೆಯ ಬಾಗಿಲನ್ನು ಅಲ್ಲಿನ ಹೈಕೋರ್ಟಿನಿಂದಲೇ ತೆರೆಸಿದರು.

ಹೊವಾರ್ಡ್‌ನಲ್ಲಿ ಒಂದು ಪದ್ಧತಿ ಬೆಳೆಯಿತು. ಸುಪ್ರೀಂ ಕೋರ್ಟಿನಲ್ಲಿ ವಾದಿಸುವ ಮುಂಚೆ ಮಾರ್ಷಲ್ ಮತ್ತವರ ಸಂಗಾತಿಗಳು ಇಲ್ಲಿ ಬಂದು ವಾದ ಮಂಡಿಸುತ್ತಿದ್ದರು. ಅಧ್ಯಾಪಕರು ನ್ಯಾಯಮೂರ್ತಿಗಳಾಗಿ ಕೂತು ಕಷ್ಟದ ಪ್ರಶ್ನೆ ಎಸೆಯುತ್ತಿದ್ದರು. ವಿದ್ಯಾರ್ಥಿಗಳೂ ಕೇಳುತ್ತಿದ್ದರು. 1954ರ ಬ್ರೌನ್ ತೀರ್ಪಿನ ವಾದಗಳೂ ಹೀಗೇ ಹದಗೊಂಡವು. ಇಲ್ಲಿ ಚರ್ಚೆ ಎಂದರೆ ತಮ್ಮ ಯೋಗ್ಯತೆ ಸಾಬೀತು ಮಾಡುವ ಆಟ ಅಲ್ಲ, ಯುದ್ಧದ ಮುಂಚಿನ ಕಸರತ್ತು.

ಇದೇ ಶಾಲೆಯಲ್ಲಿ 1941ರಿಂದ 44ರವರೆಗೆ ಪಾಲಿ ಮರ್ರೆ ಎಂಬ ಹೆಣ್ಣುಮಗಳು ಓದಿದಳು. ತರಗತಿಗೆಲ್ಲ ಒಬ್ಬಳೇ ಹೆಂಗಸು. ಹೆಂಗಸರು ಕಾನೂನು ಶಾಲೆಗೆ ಯಾಕಾದರೂ ಬರುತ್ತಾರೋ ಎಂದು ಮೇಷ್ಟ್ರೊಬ್ಬರು ಮೊದಲ ದಿನವೇ ಅಂದಿದ್ದರು, ಹುಡುಗರು ನಕ್ಕಿದ್ದರು. ಆಗ 1896ರ ಪ್ಲೆಸಿ ತೀರ್ಪಿನ 'ಪ್ರತ್ಯೇಕ, ಆದರೆ ಸಮಾನ' ಎಂಬ ಸೂತ್ರ ಜಾರಿಯಲ್ಲಿತ್ತು. ಕಪ್ಪು ವಕೀಲರು ಹೆಚ್ಚಾಗಿ ಕೇಳುತ್ತಿದ್ದ ಪ್ರಶ್ನೆ: ಈ ಪ್ರತ್ಯೇಕ ಶಾಲೆ ನಿಜಕ್ಕೂ ಸಮಾನವಾಗಿದೆಯೇ? ಮರ್ರೆ ತರಗತಿಯಲ್ಲಿ ಎದ್ದುನಿಂತು, ಸಮಾನತೆಯ ಲೆಕ್ಕ ಬಿಡಿ, ಪ್ರತ್ಯೇಕತೆಗೇ ಕೈ ಹಾಕೋಣ ಎಂದಳು. ಮತ್ತೆ ಎಲ್ಲರೂ ನಕ್ಕರು. ಇಪ್ಪತ್ತೈದು ವರ್ಷದೊಳಗೆ ಪ್ಲೆಸಿ ಬೀಳುತ್ತದೆ ಎಂದು ತನ್ನ ಅಧ್ಯಾಪಕ ಸ್ಪಾಟ್ಸ್‌ವುಡ್ ರಾಬಿನ್‌ಸನ್ ಜೊತೆ ಹತ್ತು ಡಾಲರ್ ಪಂಥ ಕಟ್ಟಿದಳು. ಬಿದ್ದದ್ದು ಹತ್ತೇ ವರ್ಷದಲ್ಲಿ. ಬ್ರೌನ್ ಮೊಕದ್ದಮೆಗೆ ಸಿದ್ಧತೆ ನಡೆಸುವಾಗ ರಾಬಿನ್‌ಸನ್ ಅವಳ ಆ ಹಳೇ ಪ್ರಬಂಧವನ್ನು ಹುಡುಕಿ ತೆಗೆದು ಬಳಸಿಕೊಂಡಿದ್ದರು. ಅದು ಅವಳಿಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ನಮ್ಮವರೇ ಕಟ್ಟಿದ ಕೂಟದಲ್ಲೂ ಪ್ರಶ್ನೆ ಬದಲಿಸಿದವಳಿಗೆ ನಗುವೇ ಸಿಕ್ಕಿತು ಎಂಬುದನ್ನು ದಲಿತ ಸಂಘಟನೆಗಳ ಗಂಡಸರಾದ ನಾವು ಮರೆಯಬಾರದು.

ಈ ಪಾಠ ನಮಗೆ ಹೊರಗಿನದಲ್ಲ. 1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದ ಒಂದು ವಿದ್ಯಾರ್ಥಿ ಸೆಮಿನಾರಿನಲ್ಲಿ ಇಪ್ಪತ್ತೈದರ ಅಂಬೇಡ್ಕರ್ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಅಸ್ಪೃಶ್ಯರು ಯೋಗ್ಯರೇ ಎಂಬ ಪ್ರಶ್ನೆಗೆ ಅವರು ಉತ್ತರ ಕೊಡಲಿಲ್ಲ. ಜಾತಿ ತನ್ನನ್ನು ತಾನು ಹೇಗೆ ಕಾಪಾಡಿಕೊಳ್ಳುತ್ತದೆ ಎಂದು ಕೇಳಿ, ಒಳಮದುವೆಯ ಕಡೆ ಬೆರಳು ತೋರಿಸಿದರು. ಪರೀಕ್ಷೆಗೆ ಒಳಗಾಗಬೇಕಾದದ್ದು ಜಾತಿ, ನಾವಲ್ಲ. ಇಪ್ಪತ್ತು ವರ್ಷದ ನಂತರ, 1936ರಲ್ಲಿ, ಅವರು ಮುಂಬಯಿಯ ಸರ್ಕಾರಿ ಕಾನೂನು ಕಾಲೇಜಿನ ಪ್ರಿನ್ಸಿಪಾಲರಾಗಿದ್ದರು. ಆಗ ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆದು, ಭಾಷಣದ ಪ್ರತಿ ನೋಡಿ ಬೆದರಿ, ಸಮ್ಮೇಳನವನ್ನೇ ರದ್ದು ಮಾಡಿತು. ಅವರು ಒಂದಕ್ಷರ ಬದಲಿಸದೆ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು. ಮೇಜು ಕೊಡದಿದ್ದರೆ ಪುಸ್ತಕವೇ ಮೇಜು.

ನಮ್ಮ ನೆಲದ್ದೇ ಒಂದು ಉದಾಹರಣೆ ನೋಡಿ. ವೃತ್ತಿ ಕಾಲೇಜುಗಳಲ್ಲಿ ಮೈಸೂರು ಸರ್ಕಾರ ಕೊಟ್ಟಿದ್ದ ಶೇ. 68 ಮೀಸಲಾತಿಯನ್ನು 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಶೇ. 50ರ ಮಿತಿಯ ಮಾತು ಹೊರಟಿದ್ದು ಅಲ್ಲಿಂದ. 1992ರ ಮಂಡಲ್ ತೀರ್ಪು ಅದನ್ನು ಗಟ್ಟಿ ಮಾಡಿತು. ಅಲ್ಲಿಂದ ಮುಂದೆ ಕಾಲೇಜುಗಳಲ್ಲಿ ನಾವು ಚರ್ಚಿಸಿದ್ದೆಲ್ಲ 'ಐವತ್ತು ದಾಟಬಹುದೇ' ಎಂದು. ಆದರೆ 2019ರ 103ನೇ ತಿದ್ದುಪಡಿ, ದಲಿತ, ಆದಿವಾಸಿ, ಹಿಂದುಳಿದವರಲ್ಲಿನ ಬಡವರನ್ನು ಹೊರಗಿಟ್ಟು, ಮಿಕ್ಕವರಲ್ಲಿನ ಬಡವರಿಗೆ ಶೇ. 10 ಕೊಟ್ಟಾಗ, 2022ರಲ್ಲಿ ಕೋರ್ಟು 3-2ರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು. ಐವತ್ತರ ಮಿತಿ ಆಗ ಕಲ್ಲಿನ ಗೆರೆ ಆಗಿರಲಿಲ್ಲ. ಪ್ರತಿಭೆಯ ಕೊಲೆಯಾಯಿತು ಎಂದು ನಮ್ಮ ಕಾಲೇಜಿನಲ್ಲಿ ಯಾರೂ ಚರ್ಚಾಸ್ಪರ್ಧೆ ಇಡಲಿಲ್ಲ.

ಚೀಟಿ ತಂದ ವಿದ್ಯಾರ್ಥಿಗಳಿಗೆ ಇಷ್ಟನ್ನೂ ಹೇಳಿದೆ. ಒಬ್ಬ, 'ಹಾಗಾದರೆ ಚರ್ಚೆಯೇ ಬೇಡವಾ ಸಾರ್' ಅಂದ. ಬೇಕು, ಖಂಡಿತಾ ಬೇಕು, ಪ್ರಶ್ನೆ ಮಾತ್ರ ಬದಲಿಸಿ ಅಂದೆ. ಎರಡು ದಿನ ಕೂತು ಅವರೇ ಹೊಸದು ಬರೆದು ತಂದರು: ಪ್ರತಿಭೆಯನ್ನು ಅಳೆಯುವವರು ಯಾರು, ಅವರ ಅಳತೆಗೋಲು ಯಾವುದು? ಕೆಲವರಿಗೆ ಇದು ಚರ್ಚೆಯ ವಿಷಯ ಅಂತಲೇ ಅನ್ನಿಸಲಿಲ್ಲ, ಹೆಸರು ವಾಪಸ್ ತಗೊಂಡರು. ಆದರೂ ಸಭೆ ನಡೆಯಿತು. ಕೋಚಿಂಗ್ ಕ್ಲಾಸಿನ ಫೀಸು, ಮನೆಯ ಇಂಗ್ಲಿಷು, ವಕೀಲಿ ಮಾಡುವ ಮಾವ, ಹೀಗೆ ತಮಗೆ ಸಿಕ್ಕ ಅನುಕೂಲಗಳ ಲೆಕ್ಕ ಕೊಡುವ ಸರದಿ ಆ ದಿನ ಬೇರೆಯವರದಾಯಿತು. ಹಾಸ್ಟೆಲಿನ ಹುಡುಗರು ಹುಡುಗಿಯರು ಹಿಂದಿನ ಸಾಲಿನಲ್ಲಿ ಕೂತು ಕೇಳಿದರು. ಕೊನೆಗೆ ಅವರಲ್ಲೊಬ್ಬಳು ಎದ್ದು ನಿಂತಳು. ಉತ್ತರ ಕೊಡಲಿಕ್ಕಲ್ಲ, ಪ್ರಶ್ನೆ ಕೇಳಲಿಕ್ಕೆ.

ಗೆಳೆಯರೇ, ನಿಮ್ಮ ನಿಮ್ಮ ಊರಿನ ಕಾಲೇಜುಗಳಲ್ಲೂ ಇಂಥ ಕೂಟಗಳಿರುತ್ತವೆ. ಮುಂದಿನ ಸಲ ಅವರು ಕರೆದಾಗ ಹೋಗಿ. ಆದರೆ ಭಾಷಣ ಬರೆಯುವ ಮುಂಚೆ ಆ ಚೀಟಿಯಲ್ಲಿ ಏನಿದೆ, ಬರೆದವರು ಯಾರು ಅಂತ ಒಂದು ಸಲ ನೋಡಿ.